ಹಳೇ ಗ್ರೀಸು

ಸಾವ್ಕಾರ್ರ ಕಾರಿನ ವೈಪರ್ ನಿಧಾನವಾಗಿತ್ತು. ಹೋದ ವರ್ಷ ಆಷಾಢದ ಒಂದು ರಾತ್ರಿ ಆ ಕಾರು ನನ್ನ ಮೇಲೆ ಹತ್ತುವುದರಲ್ಲಿತ್ತು. ಕಾರು ಓಡಿಸುತ್ತಿದ್ದವನು ನನ್ನ ಅಪ್ಪ.

ಸಂಗತಿ ಇಷ್ಟೇ. ಆದರೆ ಇಷ್ಟು ಹೇಳಿ ಸುಮ್ಮನಾಗಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಕಲೇಶಪುರದಾಚೆ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವನು ನಾನು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು. ಡಿಗ್ರಿ ಮುಗಿದು ಎರಡು ವರ್ಷವಾದರೂ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅರ್ಜಿಗಳನ್ನು ತುಂಬಿಕೊಡುವುದೇ ನನ್ನ ಕೆಲಸವಾಗಿತ್ತು. ಬಿಡುವಾದಾಗ ಅದೇ ಅರ್ಜಿಗಳ ಹಿಂದೆ ಪದ್ಯ ಬರೆಯುತ್ತಿದ್ದೆ. ರಾತ್ರಿ ಕೊನೇ ಬಸ್ಸಿಗೆ ಬಂದು, ಟಾರು ರೋಡಿನಿಂದ ತೋಟದ ದಾರಿಯಲ್ಲಿ ಎರಡು ಮೈಲಿ ನಡೆದು ಮನೆ ಸೇರುತ್ತಿದ್ದೆ.

ಮಲೆನಾಡಿನ ಮಳೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹಿಡಿದರೆ ಗಣಪತಿ ಹಬ್ಬ ಕಳೆದರೂ ಬಿಡುವುದಿಲ್ಲ. ಕಾರಿನವರಿಗೆ ಅದು ಕಿಟಕಿಯಾಚೆ ಸುರಿಯುವ ಮಳೆ. ನಮಗೆ ಬೆನ್ನ ಮೇಲೆ ಸುರಿಯುವ ಮಳೆ. ಹಿಂದೆ ಗೊರಬು, ಕಂಬಳಿ ಕೊಪ್ಪೆ ಇದ್ದವು. ಈಗ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕೊಪ್ಪೆ. ಅವತ್ತು ನಾನೂ ಅದನ್ನೇ ಹೊದ್ದಿದ್ದೆ. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಸಿಲ್ವರ್ ಮರಗಳ ತಿರುವಿನಲ್ಲಿ ಎದುರಿನಿಂದ ದೀಪ ಬಂತು. ಬಂದ ದೀಪ ಪಕ್ಕಕ್ಕೆ ಸರಿಯಲಿಲ್ಲ, ನೇರ ನನ್ನ ಮೇಲೇ ಬಂತು. ಚರಂಡಿಗೆ ಹಾರಿದೆ. ಕಾರು ಒಂದು ಗಳಿಗೆ ತಡೆದಂತೆ ಮಾಡಿ ಮುಂದೆ ಹೋಯಿತು. ಹಿಂದಿನ ಕೆಂಪು ದೀಪ ನೋಡಿ ಯಾರ ಕಾರೆಂದು ಗೊತ್ತಾಯಿತು.

ಅಪ್ಪ ಮನೆಗೆ ಬಂದಾಗ ಹತ್ತು ದಾಟಿತ್ತು. ಒಲೆ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತಾ ಅವ್ವನಿಗೆ ಹೇಳಿದ:

"ಸಿಲ್ವರ್ ಮರದ ತಿರುವ್ನಲ್ಲಿ ಯಾರೋ ಚರಂಡಿಗೆ ಬಿದ್ದಂಗಾಯ್ತು ಕಣೇ. ಹಾಳು ವೈಪರು ಅರ್ಧಕ್ಕೇ ನಿಂತಿತ್ತು, ಗಾಜಲ್ಲಿ ಏನೂ ಕಾಣ್ನಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟೆ. ಹಿಂದಿನ ಸೀಟಿಂದ ಸಾವ್ಕಾರ್ರು, 'ಯಾರೋ ದಾರೀಲಿ ಹೋಗೋನು, ನಡಿ ನಡಿ, ಹೊತ್ತಾಯ್ತು' ಅಂದ್ರು."

"ನೀನು ನಡೆದ್ಯಾ?" ಅಂತ ಕೇಳಿದೆ.

"ನಡುದೆ."

ನಾನು ಲುಂಗಿ ಎತ್ತಿ ತರಚಿದ ಮಂಡಿ ತೋರಿಸಿದೆ. "ಆ ಯಾರೋ ನಾನೇ ಕಣಪ್ಪ."

ಅವ್ವ ಒಲೆಗೆ ಸೌದೆ ನೂಕುತ್ತಿದ್ದವಳು ಹಾಗೇ ನಿಂತಳು. ಅಪ್ಪ ಮಾತಾಡಲಿಲ್ಲ. ಮುದ್ದೆ ತಟ್ಟೆಯಲ್ಲೇ ಆರಿತು. ಬೆಳಗಿನ ಜಾವ ನನ್ನನ್ನು ಕಾಲಿನಿಂದ ತಟ್ಟಿ ಎಬ್ಬಿಸಿದ.

"ಏಳ್ಲಾ. ಪಾನಾ ಕೊಡಕ್ಕೆ ಒಂದು ಕೈ ಬೇಕು."

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದು 1972ರ ಅಂಬಾಸಿಡರ್, ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚನ್ನೇ ತಂದು ಹಿಂದೂಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ಮಾಡಿದ್ದು. ಹಣ ಕಟ್ಟಿ ವರ್ಷಗಟ್ಟಲೆ ಕಾದರೆ ಕಾರು ಸಿಗುತ್ತಿದ್ದ ಕಾಲ. ಮಂತ್ರಿ, ಕಲೆಕ್ಟರು, ಎಂಜಿನಿಯರು, ಎಲ್ಲರೂ ಅದರಲ್ಲೇ ಬಂದರು, ಅದರಲ್ಲೇ ಹೋದರು. ನಮ್ಮ ಲೈನಿಗೆ ಬಿಳೀ ಅಂಬಾಸಿಡರ್ ಬಂತೆಂದರೆ ಒಂದೋ ಓಟು, ಇಲ್ಲವೇ ಪೊಲೀಸು. 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅದರ ತಯಾರಿಕೆ ನಿಂತಿತು. ನಿಂತ ಮೇಲೆ ಅದಕ್ಕೆ ಬೆಲೆ ಬಂತು. ಸಾವ್ಕಾರ್ರ ತಂದೆ ತಂದಿದ್ದ ಕಾರಿಗೆ ಈಗ 'ಕ್ಲಾಸಿಕ್' ಅಂತ ಹೆಸರು. ಹೊಸಾ ಬಣ್ಣ, ಹೊಸಾ ಸೀಟು, ಮುಖ ಕಾಣುವಷ್ಟು ಹೊಳೆಯುವ ಬಂಪರು. ಹಳೇ ಕಾರುಗಳ ಮೆರವಣಿಗೆ ಇದ್ದರೆ ಬೆಂಗಳೂರಿಗೂ ಹೋಗಿಬರುತ್ತದೆ. ಮೆರವಣಿಗೆ ಬಿಸಿಲಲ್ಲಿ ನಡೆಯುತ್ತದೆ. ಬಿಸಿಲಲ್ಲಿ ವೈಪರ್ ಯಾರಿಗೂ ಬೇಕಾಗುವುದಿಲ್ಲ.

ನಮ್ಮಪ್ಪ ಆ ಕಾರನ್ನು ತೊಳೆಯಲು ಹೋದಾಗ ಅವನಿಗೆ ಹನ್ನೆರಡು ವರ್ಷವಂತೆ. ಮನೆಯ ಜಗಲಿ ಹತ್ತಲು ಬಿಡದವರು ಕಾರಿನ ಹೊಟ್ಟೆಯೊಳಕ್ಕೆ ಬಿಟ್ಟರು. ಅಡಿಯಲ್ಲಿ ಮಲಗಿ ಗ್ರೀಸು ತುಂಬುತ್ತಾ ತುಂಬುತ್ತಾ ಅಪ್ಪ ಅದರ ನರ ನಾಡಿ ಎಲ್ಲ ಕಲಿತ. ಎರಡನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನು ಮೋಟಾರಿನ ಸದ್ದು ಕೇಳಿ ಕಾಯಿಲೆ ಹೇಳುತ್ತಾನೆ. ಅವನ ಕಾಫಿ ಲೋಟ ಮಾತ್ರ ಇವತ್ತಿಗೂ ಕಾರ್ ಶೆಡ್ಡಿನ ಕಿಟಕಿಯಲ್ಲೇ ಇದೆ.

ಕಾಲೇಜಿನ ದಿನಗಳಲ್ಲಿ ಅಪ್ಪನ ಕೈ ನೋಡಿದರೆ ನನಗೆ ನಾಚಿಕೆಯಾಗುತ್ತಿತ್ತು. ಉಗುರಿನ ಸಂದಿಯ ಕಪ್ಪು ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಶ್ರಮಿಕರ ಕೈಗಳ ಮೇಲೆ ಪದ್ಯ ಬರೆದು ಬಹುಮಾನ ತಗೊಂಡೆ. ಆ ದಿನ ಅಪ್ಪ ಸಭೆಗೆ ಬರುತ್ತೇನೆಂದಾಗ, ಬೇಡ, ಬಸ್ ಚಾರ್ಜು ದಂಡ ಅಂದಿದ್ದೆ. ಗೆಳೆಯರೇ, ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ವೈಪರಿನ ಕಾಯಿಲೆಗೆ ಆಗಲೇ ಇಬ್ಬರು ಮದ್ದು ಮಾಡಿದ್ದರು. ಒಬ್ಬ ಎಲೆಕ್ಟ್ರಿಶಿಯನ್ನು ಬ್ಯಾಟರಿ ಬದಲಾಯಿಸಿದ್ದ. ಇನ್ನೊಬ್ಬ, ಮೋಟಾರು ಸುಟ್ಟಿದೆ, ಗುಜರಿಯಲ್ಲಿ ಹುಡುಕಿ ಬೇರೆ ಹಾಕಿ ಅಂದಿದ್ದ. ಬೇರೆ ಮೋಟಾರಿಗೆ ದುಡ್ಡು ಬಿಚ್ಚಲು ಸಾವ್ಕಾರ್ರಿಗೆ ಮನಸ್ಸಾಗಲಿಲ್ಲ. ಮಳೆಗಾಲ ಬಂತು. ವೈಪರ್ ನಿಂತಾಗ ಅಪ್ಪ ಲಾರಿಯವರ ಹಾಗೆ ಬೀಡಿ ಹರಿದು ಅದರ ತಂಬಾಕನ್ನು ಗಾಜಿಗೆ ತಿಕ್ಕಿ ಓಡಿಸುತ್ತಿದ್ದ. ತಂಬಾಕು ತಿಕ್ಕಿದರೆ ನೀರು ಹನಿಹನಿಯಾಗಿ ನಿಲ್ಲದೆ ಪೊರೆಯ ಹಾಗೆ ಹರಡಿ ಇಳಿಯುತ್ತದೆ. ಆದರೆ ಮಲೆನಾಡಿನ ಮಳೆಗೆ ಅದು ಎಷ್ಟು ಹೊತ್ತು?

ಶೆಡ್ಡಿನಲ್ಲಿ ಅಪ್ಪ ಮೊದಲು ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ಸ್ವಿಚ್ ಹಾಕಿದ. ಒಣ ಗಾಜಿನ ಮೇಲೆ ವೈಪರ್ ಪರೀಕ್ಷೆ ಮಾಡಬಾರದು. ರಬ್ಬರು ಗಾಜನ್ನು ಹಿಡಿದುಕೊಳ್ಳುತ್ತದೆ. ನಾನು ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ 22 ಸಲ ಹೋಗಿಬಂತು. ಆಮೇಲೆ ಎರಡೂ ಕಡ್ಡಿಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ ಮತ್ತೆ ಸ್ವಿಚ್ ಹಾಕಿದ. ಆಗಲೂ ಅಷ್ಟೇ ನಿಧಾನ.

"ರಬ್ಬರಿನ ತಪ್ಪಲ್ಲ. ಕಾಯಿಲೆ ಒಳಗೈತೆ" ಅಂದ.

ನನ್ನ ಹತ್ತಿರ ಒಂದು ಮೀಟರ್ ಇತ್ತು. ಹೈಸ್ಕೂಲಿನಲ್ಲಿ ಓದಿದ ಓಮನ ನಿಯಮ ತಲೆಯಲ್ಲಿತ್ತು. ವೈಪರ್ ಓಡುವಾಗ ಅಳೆದೆ. ಬ್ಯಾಟರಿಯಲ್ಲಿ 12.2 ವೋಲ್ಟ್. ಮೋಟಾರಿಗೆ ಸಿಗುತ್ತಿದ್ದುದು 9.6. ನಡುವೆ 2.6 ವೋಲ್ಟು ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಅರ್ತಿನ ಕಂಬಕ್ಕೆ ಹಿಡಿದೆ. ಅಲ್ಲಿ ಏನೂ ತೋರಿಸಬಾರದು. 1.7 ತೋರಿಸಿತು. ಮಿಕ್ಕದ್ದು ಸ್ವಿಚ್ಚಿನಲ್ಲೂ ವೈರಿನ ಕೂಡುಗಳಲ್ಲೂ ಸೋರಿ ಹೋಗುತ್ತಿತ್ತು.

"ಅಪ್ಪ, ಅರ್ತು ಸರಿಯಿಲ್ಲ."

ಅಪ್ಪ ಅರ್ತಿನ ವೈರು ಬಿಚ್ಚಿದ. ಕಾರಿಗೆ ಹೊಸಾ ಬಣ್ಣ ಹೊಡೆದವರು ಆ ಜಾಗಕ್ಕೂ ಬಣ್ಣ ಬಳಿದು, ಬಣ್ಣದ ಮೇಲೇ ವೈರನ್ನು ತಿರುಪಿನಲ್ಲಿ ಬಿಗಿದಿದ್ದರು. ಮೇಲೆ ಬಣ್ಣ, ಕೆಳಗೆ ತುಕ್ಕು. ಕರೆಂಟು ಹಾದುಹೋಗುವುದಾದರೂ ಎಲ್ಲಿಂದ? ಬಿಳೀ ಕಬ್ಬಿಣ ಕಾಣುವವರೆಗೂ ಉಪ್ಪುಕಾಗದದಲ್ಲಿ ತಿಕ್ಕಿ ವೈರು ಬಿಗಿದೆವು. ಸ್ವಿಚ್ಚಿನ ಕೂಡುಗಳನ್ನೂ ತಿಕ್ಕಿದೆವು. ವೈಪರ್ 22ರಿಂದ 28ಕ್ಕೆ ಏರಿತು. ನನಗೆ ಗೆದ್ದಷ್ಟು ಹಿಗ್ಗು. ಅಪ್ಪ ತಲೆ ಅಲ್ಲಾಡಿಸಿದ.

"ನಿನ್ನ ಮೀಟರು ಹೇಳಿದ್ದು ದಿಟ. ಆದ್ರೆ ಅದಿಷ್ಟೇ ಅಲ್ಲ ಕಣ್ಲಾ. ಮೋಟಾರು ಕೂಗೋದು ಕೇಳು. ಸತ್ತಿಲ್ಲ ಅದು. ಉಸಿರು ಕಟ್ಟೈತೆ."

ಈ ವೈಪರ್ ಕೆಲಸ ಮಾಡುವ ರೀತಿ ತಿಳಿದರೆ ಅಪ್ಪನ ಮಾತು ತಿಳಿಯುತ್ತದೆ. ಮೋಟಾರು ಒಂದೇ ದಿಕ್ಕಿಗೆ ಗಿರ್ರನೆ ತಿರುಗುತ್ತದೆ. ವೈಪರ್ ಮಾತ್ರ ಅತ್ತ ಇತ್ತ ಆಡಬೇಕು. ಅದಕ್ಕಾಗಿ ಮೋಟಾರಿನ ಪಕ್ಕದಲ್ಲಿ ಒಂದು ಸಣ್ಣ ಹಲ್ಲಿನ ಪೆಟ್ಟಿಗೆ. ಅದರೊಳಗಿನ ಚಕ್ರ ತಿರುಗಿದಾಗ ಒಂದು ಕಬ್ಬಿಣದ ಹುರಿಯನ್ನು ಮುಂದಕ್ಕೆ ತಳ್ಳುತ್ತದೆ, ಹಿಂದಕ್ಕೆ ಎಳೆಯುತ್ತದೆ. ಹುರಿಯ ಮೇಲೆ ತಂತಿ ಸುತ್ತಿರುವುದರಿಂದ ಅದಕ್ಕೆ ಹಲ್ಲು ಬಂದಂತಾಗಿರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಕೊಳವೆಯೊಳಗೆ ಹಾಯ್ದು ಹೋಗುವ ಆ ಹುರಿ, ಎರಡು ಕಡೆ ಎರಡು ಪುಟ್ಟ ಚಕ್ರಗಳನ್ನು ತಿರುಗಿಸುತ್ತದೆ. ಆ ಚಕ್ರಗಳ ಅಚ್ಚಿನ ತುದಿಗೆ ವೈಪರಿನ ಕಡ್ಡಿ. ಈ ದಾರಿಯಲ್ಲಿ ಎಲ್ಲಿ ಬಿಗಿಯಾದರೂ ಬೈಸಿಕೊಳ್ಳುವುದು ಮೋಟಾರೇ.

ವೈಪರಿನ ಕಡ್ಡಿಗಳನ್ನು ಕಿತ್ತು, ಹುರಿ ಬಿಚ್ಚಿ, ಮೋಟಾರನ್ನು ಹೊರಗೆ ತೆಗೆದೆವು. ಬಿಚ್ಚುವ ಮೊದಲು ಯಾವುದು ಎಲ್ಲಿತ್ತು ಎಂದು ಅಪ್ಪ ಮೊಳೆಯಲ್ಲಿ ಗೀರು ಹಾಕಿದ. ಯಾವ ವಾಷರು ಯಾವುದರ ಮೇಲೆ ಎಂದು ನಾನು ಕಾಗದದಲ್ಲಿ ಚಿತ್ರ ಬರೆದುಕೊಂಡೆ. ಹಲ್ಲಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಕಂಡದ್ದು ಗ್ರೀಸಲ್ಲ, ಒಣಗಿದ ಅರಗು. ಕಂದು ಬಣ್ಣಕ್ಕೆ ತಿರುಗಿ ಹಲ್ಲಿನ ಸಂದಿಗಳಲ್ಲೆಲ್ಲ ಕಲ್ಲಿನ ಹಾಗೆ ಕೂತಿತ್ತು. ಅಪ್ಪ ಸ್ಕ್ರೂಡ್ರೈವರಿನ ತುದಿಯಲ್ಲಿ ಒಂದು ಚೂರು ಕೆತ್ತಿ ನನ್ನ ಅಂಗೈಗೆ ಹಾಕಿದ.

"ನೋಡು. ಒಂದು ಕಾಲಕ್ಕೆ ಸಲೀಸಾಗಿ ಜಾರಲಿ ಅಂತ್ಲೇ ಇದನ್ನ ಹಾಕಿದ್ದು. ಈಗ ಇದೇ ಹಿಡ್ಕೊಂಡೈತೆ."

"ಮೇಲೆ ಎಣ್ಣೆ ಬಿಟ್ರೆ ಸಾಲದಾ?"

"ಬಿಟ್ಟೋರು ಬೇಕಾದಷ್ಟು ಜನ. ಎರಡು ದಿನ ಓಡ್ತದೆ, ಮೂರ್ನೇ ದಿನ ಮತ್ತೆ ಅಂಟು. ಹಳೇದನ್ನ ಕೆರೆದು ತೆಗೀದಂಗೆ ಹೊಸಾ ಗ್ರೀಸು ತುಂಬಬಾರ್ದು ಕಣ್ಲಾ. ಹೊಸಾದೂ ಹಳೇದ್ರ ಜೊತೆ ಸೇರಿ ಹಾಳಾಗ್ತದೆ."

ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಒಂದೆರಡು ಮಾಡಿದ್ದೂ ಉಂಟು. ಆ ಚೂರನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಡೀಸೆಲ್ಲಿನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಹಲ್ಲು ಹಲ್ಲೂ ಬಿಡಿಸಿದೆವು. ಅಷ್ಟರಲ್ಲಿ ದೊಡ್ಡ ಮನೆಯಿಂದ ಕಾಫಿ ಬಂತು. ಅಪ್ಪನಿಗೆ ಕಿಟಕಿಯ ಲೋಟಕ್ಕೆ ಮೇಲಿನಿಂದ ಹೊಯ್ದರು, ನನಗೆ ಪೇಪರ್ ಲೋಟದಲ್ಲಿ ಕೊಟ್ಟರು. ಓದಿದವನೆಂದು ಮಾಡಿದ ಮರ್ಯಾದೆ ಅದು.

ಕಾಫಿ ಕುಡಿಯುತ್ತಾ ಅಪ್ಪನಿಗೆ ವೈಪರಿನ ಕತೆ ಹೇಳಿದೆ. ಅಮೆರಿಕದಲ್ಲಿ ಮೇರಿ ಆಂಡರ್ಸನ್ ಅಂತ ಒಬ್ಬಳು ಹೆಂಗಸು ಇದ್ದಳು. ಅಲಬಾಮಾ ಕಡೆಯವಳು. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋದಾಗ ಟ್ರಾಮ್ ಗಾಡಿಯಲ್ಲಿ ಕೂತಿದ್ದಳು. ಹಿಮ ಬೆರೆತ ಮಳೆ ಬೀಳುತ್ತಿತ್ತು. ಗಾಜಿಗೆ ಹಿಮ ಮೆತ್ತಿ ಎದುರಿನ ದಾರಿ ಕಾಣದೆ ಡ್ರೈವರ್ ಪಡುತ್ತಿದ್ದ ಪಾಡನ್ನು ಕಂಡಳು. ಒಳಗೆ ಕೂತೇ ಹಿಡಿ ತಿರುಗಿಸಿದರೆ ಹೊರಗೆ ರಬ್ಬರಿನ ಪಟ್ಟಿ ಗಾಜು ಒರೆಸುವ ಹಾಗೆ ಒಂದು ಉಪಾಯ ಮಾಡಿ 1903ರಲ್ಲಿ ಪೇಟೆಂಟ್ ತೆಗೆದುಕೊಂಡಳು. ಕೆನಡಾದ ಒಂದು ಕಂಪನಿಗೆ ಮಾರಲು ಹೋದರೆ, ಇದರಿಂದ ವ್ಯಾಪಾರವಾಗುವುದಿಲ್ಲ ಅಂದರು. ಪೇಟೆಂಟಿನ ಅವಧಿ ಮುಗಿದು ಹೋಯಿತು. ವೈಪರ್ ಇಲ್ಲದ ಕಾರೇ ಇಲ್ಲ ಎನ್ನುವ ಕಾಲ ಬಂತು. ಅವಳ ಕೈಗೆ ಅದರಿಂದ ಕಾಸು ಬರಲಿಲ್ಲ.

ಅಪ್ಪ ಲೋಟ ಕೆಳಗಿಟ್ಟ. "ಹಿಂದೆ ಕೂತೋಳು ಡ್ರೈವರನ್ನ ನೋಡವ್ಳೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡ ಮನಸ್ಸು" ಅಂದ.

ಮಧ್ಯಾಹ್ನ ಮೋಟಾರಿನ ಒಳಭಾಗ ಬಿಚ್ಚಿದೆವು. ಕಾರ್ಬನ್ ಬ್ರಶ್ಶುಗಳು ಸವೆದಿದ್ದರೂ ಇನ್ನೂ ಬಾಳುವಂತಿದ್ದವು. ಅವು ಉಜ್ಜುವ ತಾಮ್ರದ ಉರುಟು, ಕಮ್ಯುಟೇಟರು, ಕರ್ರಗಾಗಿತ್ತು. ನಾನು ಎಮೆರಿ ಕಾಗದಕ್ಕೆ ಕೈ ಹಾಕಿದೆ. ಅಪ್ಪ ತಡೆದ.

"ಎಮೆರಿ ಬೇಡ. ಅದ್ರ ಪುಡಿ ತಾಮ್ರದ ಸಂದೀಲಿ ಕೂತ್ರೆ ಕರೆಂಟು ಅಡ್ಡದಾರಿ ಹಿಡೀತದೆ. ನುಣ್ಣನೇ ಉಪ್ಪುಕಾಗದ ತಗೋ."

ನುಣ್ಣನೆಯ ಉಪ್ಪುಕಾಗದದಲ್ಲಿ ತಿಕ್ಕಿ, ಸಂದಿಗಳನ್ನು ಸೂಜಿಯಲ್ಲಿ ಗೀರಿ, ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದಾಗ ತಾಮ್ರ ಹೊಸಾ ಕಾಸಿನ ಹಾಗೆ ಬೆಳಗಿತು. ಗ್ರೀಸು ಹಲ್ಲಿಗೆ ಮಾತ್ರ, ಬ್ರಶ್ಶಿನ ಕಡೆ ಒಂದು ಚುಕ್ಕೆಯೂ ತಾಗಬಾರದು ಎಂದ ಅಪ್ಪ.

ಹುರಿಯನ್ನು ಕೊಳವೆಯಿಂದ ಎಳೆದಾಗ ಕಿರ್ರೆಂದಿತು. ಅಲ್ಲಿ ಗ್ರೀಸು ಒಣಗಿ ಪುಡಿಯಾಗಿತ್ತು, ಮಿಕ್ಕದ್ದು ತುಕ್ಕು. ಅದನ್ನೂ ತೊಳೆದೆವು, ಕೊಳವೆಗೆ ತಂತಿಯಲ್ಲಿ ಬಟ್ಟೆ ಕಟ್ಟಿ ಒರೆಸಿದೆವು. ಎಲ್ಲಕ್ಕಿಂತ ಹಟ ಮಾಡಿದ್ದು ವೈಪರಿನ ಕಡ್ಡಿ ಕೂರುವ ಎರಡು ಅಚ್ಚುಗಳು. ಮಳೆನೀರು ಮೊದಲು ಬೀಳುವುದೇ ಅವುಗಳ ಮೇಲೆ. ಒಂದು ಬೆರಳಲ್ಲಿ ತಿರುಗಬೇಕಾದದ್ದು ಇಕ್ಕಳ ಹಾಕಿದರೂ ಅಲ್ಲಾಡಲಿಲ್ಲ. ಅಪ್ಪ ಡ್ಯಾಶ್‌ಬೋರ್ಡಿನ ಅಡಿಗೆ ತಲೆಕೆಳಗಾಗಿ ತೂರಿಕೊಂಡ. ನಾನು ಮೇಲಿನಿಂದ ಹನಿಹನಿ ಎಣ್ಣೆ ಬಿಟ್ಟೆ. ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ. ಒಂದು ಗಂಟೆ ಹಿಡಿಯಿತು. ಬಲ ಬಿಟ್ಟರೆ ಹಲ್ಲು ಮುರಿಯುತ್ತದೆ. ವೈಪರ್ ನಿಂತಾಗಲೆಲ್ಲ ಸಾವ್ಕಾರ್ರು ಇಳಿದು ಕಡ್ಡಿಯನ್ನು ಕೈಯಲ್ಲಿ ಎಳೆದಾಡುತ್ತಿದ್ದರಂತೆ. ಒಂದು ಚಕ್ರದ ಎರಡು ಹಲ್ಲು ಆಗಲೇ ಸವೆದಿದ್ದವು. ಅಪ್ಪ ಆ ಚಕ್ರವನ್ನು ತಿರುಗಿಸಿ ಹಾಕಿ, ಸವೆಯದ ಹಲ್ಲು ಹುರಿಗೆ ಸಿಗುವಂತೆ ಮಾಡಿದ.

ಕೆಳಗೆ ತೂರಿಕೊಂಡಿದ್ದ ಅಪ್ಪನ ಮುಖ ನನಗೆ ಕಾಣುತ್ತಿರಲಿಲ್ಲ. ಕೈಯೆರಡು ಮಾತ್ರ ಕಾಣುತ್ತಿದ್ದವು. ಅಲ್ಲಿಂದಲೇ ಮಾತಾಡಿದ.

"ಮಗಾ."

"ಏನಪ್ಪ."

"ನಿನ್ನೆ ಸಾವ್ಕಾರ್ರು 'ಯಾರೋ' ಅಂದಾಗ, ನಾನೂ ಯಾರೋ ಅಂದ್ಕೊಂಡೆ ಕಣ್ಲಾ. ನಮ್ಮ ಲೈನಿನೋರು ಬಿಟ್ರೆ ಆ ದಾರೀಲಿ ರಾತ್ರಿ ಇನ್ಯಾರು ನಡೀತಾರೆ? ಗೊತ್ತಿದ್ದೂ ಅಂದ್ಕೊಂಡೆ."

ನನಗೆ ಉತ್ತರ ತೋಚಲಿಲ್ಲ. ಎಣ್ಣೆ ಬಿಡುತ್ತಾ ಇದ್ದೆ.

ಇದೇ ನಾನು ಹೇಳಬೇಕಾಗಿದ್ದ ಮಾತು. ವೈಪರ್ ಇರುವುದು ಒಳಗೆ ಕೂತವರ ಸುಖಕ್ಕೆ ಎಂದು ನಾನು ತಿಳಿದಿದ್ದೆ. ಅಲ್ಲ. ಅದು ಹೊರಗೆ ನಡೆಯುವವರ ಜೀವಕ್ಕೆ ಇರುವುದು. ಗಾಜಿನೊಳಗೆ ಕೂತರೆ, ಗಾಜು ಮಸುಕಾದರೆ, ಹೊರಗಿರುವವರೆಲ್ಲ 'ಯಾರೋ' ಆಗಿಬಿಡುತ್ತಾರೆ. ಒಳಗೆ ಕೂತವನು ನಮ್ಮಪ್ಪನೇ ಆಗಿದ್ದರೂ ಸರಿ. ನಾಳೆ ನನಗೊಂದು ಸರ್ಕಾರಿ ಕೆಲಸ ಸಿಕ್ಕಿ, ನಾನೂ ಒಂದು ಗಾಜಿನ ಹಿಂದೆ ಕೂತರೆ? ಆ ಭಯ ಅವತ್ತಿನಿಂದ ನನ್ನಲ್ಲಿದೆ. ಇರಲಿ ಎಂದೇ ಇಟ್ಟುಕೊಂಡಿದ್ದೇನೆ.

ಸಾಯಂಕಾಲ ಎಲ್ಲವನ್ನೂ ಹಾಕಿದ ಮೇಲೆ, ಗಾಜಿಗೆ ನೀರು ಸುರಿದು ಸ್ವಿಚ್ ಒತ್ತಿದೆವು. ನಿಮಿಷಕ್ಕೆ 45 ಸಲ. ಮೋಟಾರಿನ ನರಳಾಟ ನಿಂತಿತ್ತು. ಸಾವ್ಕಾರ್ರು ಜಗಲಿಯಿಂದ ಇಳಿದು ಬಂದು ನೋಡಿದರು.

"ಭೇಷ್! ಎಷ್ಟಾಯ್ತೋ?"

"ಡೀಸೆಲ್ಲು, ಗ್ರೀಸು, ಉಪ್ಪುಕಾಗದ ಎಲ್ಲಾ ಸೇರಿ ಇನ್ನೂರು ದಾಟಿಲ್ಲ ಸಾವ್ಕಾರ್ರೆ."

"ಅಷ್ಟೇನಾ! ಆ ಎಲೆಕ್ಟ್ರಿಶಿಯನ್ ಮುಂಡೇದು ಸಾವಿರಗಟ್ಲೆ ಹೇಳಿತ್ತಲ್ಲ."

ಭಾನುವಾರದ ನಮ್ಮಿಬ್ಬರ ದುಡಿಮೆ ಆ ಲೆಕ್ಕದಲ್ಲಿ ಸೇರಲಿಲ್ಲ. ಅಪ್ಪ ಹೆಗಲ ಟವೆಲ್ಲು ತೆಗೆದು ಕೈ ಒರೆಸಿಕೊಂಡ.

"ಒಂದ್ಮಾತು ಸಾವ್ಕಾರ್ರೆ. ಇನ್ಮೇಲೆ ದಾರೀಲಿ ಯಾರಾನ ಬಿದ್ದಂಗೆ ಕಂಡ್ರೆ ನಾನು ಗಾಡಿ ನಿಲ್ಲಿಸ್ತೀನಿ. ನೀವು ನಡಿ ಅಂದ್ರೂ ನಿಲ್ಲಿಸ್ತೀನಿ."

ನಲವತ್ತು ವರ್ಷದ ಚಾಕರಿಯಲ್ಲಿ ಅಪ್ಪ ಅವರ ಮುಂದೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಾವ್ಕಾರ್ರು ನಕ್ಕರು. "ಈಗ ಯಾರು ಬಿದ್ದಿದ್ರೋ?"

"ಇವನೇ ಬಿದ್ದಿದ್ದ. ನಿನ್ನೆ ರಾತ್ರಿ."

ಅವರು ನನ್ನ ಕಡೆ ತಿರುಗಿ ತಲೆಯಿಂದ ಕಾಲಿನವರೆಗೆ ನೋಡಿದರು. "ಓದಿದೋನು ನೀನು, ಒಂದು ಟಾರ್ಚು ಹಿಡ್ಕೊಂಡು ನಡೀಬಾರ್ದೇನೋ?" ಅಂದು ಒಳಗೆ ಹೋದರು.

ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅಪ್ಪನ ಲೋಟ ಅದೇ ಕಿಟಕಿಯಲ್ಲಿದೆ. ಆ ಹಳೇ ಗ್ರೀಸು ಕೆರೆಯುವ ಕೆಲಸ ಬಾಕಿ ಇದೆ. ಅದು ಅಪ್ಪನೊಬ್ಬನ ಕೆಲಸವಲ್ಲ, ಒಂದು ದಿನದ ಕೆಲಸವೂ ಅಲ್ಲ ಎಂದು ಗೊತ್ತು.

ಮರುವಾರ ಮತ್ತೆ ಅದೇ ಮಳೆ, ಅದೇ ಕೊನೇ ಬಸ್ಸು. ಸಿಲ್ವರ್ ಮರದ ತಿರುವಿನಲ್ಲಿ ದೀಪ ಬಂತು. ಕಾಲು ತಾನಾಗಿ ಚರಂಡಿಯ ಕಡೆ ಸರಿಯಿತು. ಆದರೆ ದೀಪ ದೂರದಲ್ಲೇ ತಗ್ಗಿತು. ಕಾರು ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ ನನ್ನ ಪಕ್ಕದಲ್ಲಿ ಹಾದುಹೋಯಿತು. ವೈಪರ್ ಟಕ್ ಟಕ್ ಎಂದು ಗಾಜು ಒರೆಸುತ್ತಿತ್ತು. ಅದರ ಹಿಂದೆ ಅಪ್ಪನ ಮುಖ ಸ್ಪಷ್ಟವಾಗಿ ಕಂಡಿತು. ನಾನೂ ಅವನಿಗೆ ಕಂಡೆ. ಹಿಂದಿನ ಸೀಟಿನಲ್ಲಿ ಸಾವ್ಕಾರ್ರು ಮೊಬೈಲು ನೋಡುತ್ತಿದ್ದರು.

ಕಾರು ನನಗಾಗಿ ನಿಲ್ಲಲಿಲ್ಲ. ನಾನು ಕೈ ತೋರಿಸಲೂ ಇಲ್ಲ. ಸ್ವಲ್ಪ ಮುಂದೆ ಹೋಗಿ ಅದರ ಹಿಂದಿನ ಕೆಂಪು ದೀಪ ಹೊತ್ತಿತು. ನಮ್ಮ ಲೈನಿನ ಇಬ್ಬರು ಹೆಂಗಸರು ತಲೆ ಮೇಲೆ ಸೌದೆ ಹೊತ್ತು ದಾರಿ ದಾಟುತ್ತಿದ್ದರು. ಅವರು ದಾಟುವವರೆಗೂ ಅಪ್ಪ ಕಾರು ನಿಲ್ಲಿಸಿಕೊಂಡಿದ್ದ. ಆಮೇಲೆ ಹೊರಟ.